ಮೇಷ್ಟ್ರ ಕೈಯಷ್ಟೇ ಕಾಣುತ್ತಿದ್ದ ತರಗತಿ

2018ರಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಸೇರಿದ ನಾವು ನಾಲ್ಕನೆಯ ಸೆಮಿಸ್ಟರಿನ ನಡುವೆ, 2020ರ ಮಾರ್ಚ್‌ನಲ್ಲಿ, ಒಂದು ವಾರದ ರಜೆಯೆಂದು ನಂಬಿ ಹಾಸ್ಟೆಲಿನ ಹಗ್ಗದ ಮೇಲೆ ಬಟ್ಟೆ ಬಿಟ್ಟು ಊರಿಗೆ ಹೋದವರು, ಮತ್ತೆ ಪ್ರಯೋಗಾಲಯದ ಬಾಗಿಲು ಕಂಡದ್ದು ನವೆಂಬರ್ 17ರಂದು ಕಾಲೇಜುಗಳು ತೆರೆದ ಮೇಲೆ. ಆ ನಡುವೆ ಯಾವ ವಿಷಯದ ಯಾವ ಮಾಡ್ಯೂಲ್ ಮುಗಿಯಿತೆಂದು ಈಗ ಕೇಳಿದರೆ ಹೇಳಲಾರೆ. ಅನಲಾಗ್ ಸರ್ಕ್ಯೂಟ್ಸ್ ಕಲಿಸುತ್ತಿದ್ದ ಮೇಷ್ಟ್ರ ಬಲಗೈ ಮಾತ್ರ ಚೆನ್ನಾಗಿ ನೆನಪಿದೆ. ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಹೆಚ್ಚಿನವರು ಬರೆದದ್ದೂ ಆ ಕೈಯ ಕುರಿತೇ.

ಲಾಕ್‌ಡೌನ್ ಆದಾಗ ಅವರು ತೀರ್ಥಹಳ್ಳಿ ಕಡೆಯ ತಮ್ಮ ಹಳೆಯ ಮನೆಯಲ್ಲಿದ್ದರು. ಬರೆಯುವ ಪೆನ್ನಾಗಲಿ ಟ್ಯಾಬ್ಲೆಟ್ ಆಗಲಿ ಇರಲಿಲ್ಲ. ಬೆತ್ತ ಹರಿದ ಸ್ಟೂಲಿನ ಮೇಲೆ ಫೋನನ್ನು ಕ್ಯಾಮೆರಾ ಕೆಳಮುಖವಾಗುವಂತೆ ಇಟ್ಟು, ಅದರಡಿ ಕಾಗದ ಸರಿಸಿ ಟ್ರಾನ್ಸಿಸ್ಟರ್ ಬಯಾಸಿಂಗ್ ಬಿಡಿಸುತ್ತಿದ್ದರು. ಉಗುರಿಗೆ ಮೆತ್ತಿದ ಶಾಯಿ, ರೆಸಿಸ್ಟರಿನ ಅಂಕುಡೊಂಕು ಗೆರೆಯನ್ನು ಪ್ರತಿ ಸಲವೂ ಮೂರೇ ಮಡಿಕೆಗೆ ನಿಲ್ಲಿಸುವ ಶಿಸ್ತು, ಮಳೆ ಜೋರಾದಾಗ ಮೈಕಿನಲ್ಲಿ ಹೆಂಚಿನ ಸದ್ದು: ಇದು ನಮ್ಮ ತರಗತಿ. ಕರೆಂಟು ಹೋದರೆ ಮರುದಿನ ಅದೇ ಗೆರೆಯಿಂದ ಮುಂದುವರಿಯುತ್ತಿದ್ದರು. ಶೃಂಗೇರಿ ಕಡೆಯ ಗೆಳೆಯನೊಬ್ಬ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಿತ್ತೆಂದು ತಿಳಿದ ಮೇಲೆ, ರಾತ್ರಿ ಊಟವಾದ ಬಳಿಕ ಅವನ ಮನೆಯ ಸ್ಥಿರ ದೂರವಾಣಿಗೆ ಕರೆಮಾಡಿ, ಚಿತ್ರವಿಲ್ಲದೆ, ಬಾಯಿಮಾತಿನಲ್ಲೇ ಸರ್ಕ್ಯೂಟ್ ವಿವರಿಸುತ್ತಿದ್ದರು.

ಕಿಡಿಗೇಡಿತನಕ್ಕೂ ಕೊರತೆಯಿರಲಿಲ್ಲ. ಹಿಂದಿನ ಬೆಂಚಿನ ಒಬ್ಬ ಪುಣ್ಯಾತ್ಮ ಪರದೆಯ ಮೇಲಿನ ತನ್ನ ಹೆಸರನ್ನು ‘ರೀಕನೆಕ್ಟಿಂಗ್’ ಎಂದು ಬದಲಿಸಿಕೊಂಡು, ಪ್ರಶ್ನೆ ಬರುವ ಹೊತ್ತಿಗೆ ಪಾರಾಗುವ ಉಪಾಯ ಕಂಡುಕೊಂಡ. ಅದಕ್ಕೆ ಬೇಕಾದ ತಾಂತ್ರಿಕ ಸಲಹೆ ನನ್ನದೆಂಬುದನ್ನು ಇಲ್ಲಿ ದಾಖಲಿಸದಿದ್ದರೆ ಚರಿತ್ರೆಗೆ ಅಪಚಾರವಾದೀತು. ಹದಿನೈದು ದಿನ ಮೇಷ್ಟ್ರು ಏನೂ ಅನ್ನಲಿಲ್ಲ. ಇಂಟರ್ನಲ್ ವೈವಾದ ದಿನ, “ರೀಕನೆಕ್ಟಿಂಗ್ ಮಾರಾಯ, ನೀನು ಹೀಗೆ ಕಡಿದು ಕಡಿದು ಸೇರುವ ಹಾಗಿದ್ದರೆ ಡಿಬೌನ್ಸ್ ಸರ್ಕ್ಯೂಟ್ ನೀನೇ ಬಿಡಿಸಬೇಕು” ಎಂದರು. ಗುಂಡಿ ಒತ್ತಿದಾಗ ಸಂಪರ್ಕ ಕಡಿದು ಕಡಿದು ಸೇರುವುದನ್ನು ಒಂದೇ ಸಲಕ್ಕೆ ಇಳಿಸುವ ಸರ್ಕ್ಯೂಟ್ ಅದು. ಅವನು ಬಿಡಿಸಿದ, ತಪ್ಪಾಗಿ.

ಆ ಜುಲೈನಲ್ಲಿ ಸರ್ಕಾರ, ಅಂತಿಮ ಸೆಮಿಸ್ಟರಿನವರನ್ನು ಬಿಟ್ಟು ಉಳಿದವರನ್ನು ಪರೀಕ್ಷೆಯಿಲ್ಲದೆ ಮುಂದಕ್ಕೆ ಕಳಿಸುವುದಾಗಿ ಪ್ರಕಟಿಸಿತು. ನಾವು ಕುಣಿದೆವು. ಮೇಷ್ಟ್ರಿಗೆ ಸಮಾಧಾನವಿರಲಿಲ್ಲ, ಏಕೆಂದರೆ ಪ್ರಯೋಗಗಳೆಲ್ಲ ಕಂಪ್ಯೂಟರಿನಲ್ಲೇ ಸರ್ಕ್ಯೂಟನ್ನು ಅನುಕರಿಸುವ ಎಲ್‌ಟಿಸ್ಪೈಸ್ ಎಂಬ ಸಿಮ್ಯುಲೇಟರಿನಲ್ಲೇ ನಡೆದಿದ್ದವು. ಆರ್‌ಸಿ ಫೇಸ್ ಶಿಫ್ಟ್ ಆಸಿಲೇಟರ್ ಎಂಬ, ತಾನಾಗಿಯೇ ಅಲೆ ಹುಟ್ಟಿಸುವ ಸರ್ಕ್ಯೂಟ್ ಕಟ್ಟಿದಾಗ ನಮ್ಮೆಲ್ಲರ ಪರದೆಯ ಮೇಲೂ ಬಂದದ್ದು ಚಪ್ಪಟೆ ಗೆರೆ. ಮೂರು ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಹಂತಗಳು ಸೇರಿ ಅಲೆಯನ್ನು ಸರಿಸುವುದು 180 ಡಿಗ್ರಿ, ಪೂರ್ತಿ ಸುತ್ತಿಗೆ ಮಿಕ್ಕ 180 ಡಿಗ್ರಿ ಟ್ರಾನ್ಸಿಸ್ಟರಿನದು. ಲೆಕ್ಕ ಸರಿಯಾಗಿಯೇ ಇತ್ತು. ನಿಜವಾದ ಸರ್ಕ್ಯೂಟಿನಲ್ಲಿ ರೆಸಿಸ್ಟರಿನೊಳಗಿನ ಉಷ್ಣದ ಗದ್ದಲವೇ ಸುತ್ತಿ ಸುತ್ತಿ ಬೆಳೆದು ಅಲೆಯಾಗುತ್ತದೆಂದೂ, ಸಿಮ್ಯುಲೇಟರಿನಲ್ಲಿ ಆ ಗದ್ದಲವಿಲ್ಲದ ಕಾರಣ ಅದು ಸಮತೋಲದಲ್ಲೇ ಕುಳಿತುಬಿಡುವುದರಿಂದ ಆರಂಭದಲ್ಲಿ ಒಂದು ತಳ್ಳು ಕೊಡಬೇಕೆಂದೂ ಅವರು ವಿವರಿಸಿದರು. “ತಳ್ಳಿ ನೋಡಿ, ಆದರೆ ಇದನ್ನು ಪ್ರಯೋಗ ಅಂತ ಕರೆಯಬೇಡಿ” ಎಂದೂ ಸೇರಿಸಿದರು.

ಕಾಲೇಜು ತೆರೆದಾಗ, ಆ ಸೆಮಿಸ್ಟರಿನ ಪಟ್ಟಿಯಲ್ಲಿ ಇಲ್ಲದಿದ್ದರೂ, ಮೊದಲು ಮಾಡಿಸಿದ್ದು ಅದೇ ಪ್ರಯೋಗವನ್ನು. ಅರ್ಧ ಮಧ್ಯಾಹ್ನ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪಿಗೆ ಜೋಡಿಸುವ, ಒಳಗೆ ತುಂಡಾದ ಪ್ರೋಬ್ ಹುಡುಕುವುದರಲ್ಲೇ ಕಳೆಯಿತು. ಮೊದಲು ಸೈನ್ ಅಲೆ ಮೂಡಿದ್ದು ನನ್ನ ಬ್ರೆಡ್‌ಬೋರ್ಡಿನಲ್ಲಿ. ಇಂದು ಬೆಂಗಳೂರಿನಲ್ಲಿ ಚಿಪ್ ಪರೀಕ್ಷಿಸುವ ಕೆಲಸದಲ್ಲಿ ನಾಲ್ವರು ಕಿರಿಯರಿಗೆ ದಾರಿ ತೋರಿಸುವ ಸ್ಥಾನದಲ್ಲಿರುವುದಕ್ಕೂ ಅದಕ್ಕೂ ಸಂಬಂಧವಿದೆಯೆಂದು ನಾನು ನಂಬಿದ್ದೇನೆ. ಆ ಕಿರಿಯರು ಜಾಣರು, ಎಲ್ಲ ವಿಡಿಯೊಗಳನ್ನೂ ಒಂದೂವರೆ ಪಟ್ಟು ವೇಗದಲ್ಲಿ ನೋಡಿ ಮುಗಿಸಿದವರು. ಆದರೆ ಅಲೆ ಬಾರದಿದ್ದರೆ ಮೊದಲು ಗ್ರೌಂಡ್ ತಂತಿಯನ್ನು ಮುಟ್ಟಿ ನೋಡುವುದಿಲ್ಲ. ತಪ್ಪು ಅವರದಲ್ಲ. ಸಾಂಕ್ರಾಮಿಕದ ದಿನಗಳಲ್ಲಿ ಗತ್ಯಂತರವಿಲ್ಲದೆ ಒಪ್ಪಿಕೊಂಡ ಸಿಮ್ಯುಲೇಷನ್ನನ್ನು, ಉಪಕರಣ ಕೆಡುವ ಭಯವಿಲ್ಲವೆಂಬ ಕಾರಣಕ್ಕೆ ನಾವು ಹಾಗೆಯೇ ಉಳಿಸಿಕೊಂಡಿದ್ದೇವೆ.

ಮೇಷ್ಟ್ರ ಹೆಸರಿನಲ್ಲಿ ನಮ್ಮ ತಂಡ ವಿಭಾಗಕ್ಕೆ ಒಂದು ಆಸಿಲೋಸ್ಕೋಪ್ ಕೊಡುತ್ತಿದೆ. ಅದನ್ನು ತಪಾಸಣಾ ಸಮಿತಿ ಬಂದಾಗ ಮಾತ್ರ ತೆರೆಯುವ ಕಪಾಟಿನಲ್ಲಿಡದೆ, ಎರಡನೆಯ ವರ್ಷದವರ ಕೈಗೆ ಸಿಗುವ ಮೇಜಿನ ಮೇಲೆಯೇ ಇಡಬೇಕೆಂದೂ, ಪ್ರೋಬ್ ಮುರಿದರೆ ಅವರಿಂದ ದಂಡ ವಸೂಲು ಮಾಡದೆ ನಮಗೆ ತಿಳಿಸಬೇಕೆಂದೂ ಪ್ರಾಂಶುಪಾಲರಲ್ಲಿ ವಿನಂತಿ.