ಕೀತ್ ಪಾರ್ಕ್ ಅವರ ಯುದ್ಧಕೋಣೆ: ಗಡಿಯಾರ ಮುಗಿಯಿತು, ದೀಪದ ಹಲಗೆ ಬಾಕಿ

ಗಡಿಯಾರದ ಬಣ್ಣ ಒಣಗಿದೆ. ಲಂಡನ್ ಬಳಿಯ ಅಕ್ಸ್‌ಬ್ರಿಜ್‌ನ ನೆಲದಡಿಯ ಕೋಣೆಯ ಮಾದರಿಯನ್ನು ರಟ್ಟು, ಮರದಲ್ಲಿ ಮಾಡುವ ಈ ಕೆಲಸದಲ್ಲಿ ನಾನು ಕಾಯುತ್ತಿದ್ದದ್ದು ಈ ಭಾಗಕ್ಕೇ. 1940ರಲ್ಲಿ ಜರ್ಮನಿಯ ವಿಮಾನಗಳು ಬ್ರಿಟನ್ ಮೇಲೆ ಎರಗಿದಾಗ, ಬ್ರಿಟಿಷ್ ವಾಯುಸೇನೆಯ ಅಧಿಕಾರಿ ಕೀತ್ ಪಾರ್ಕ್ ಅವರು 11ನೇ ಗ್ರೂಪ್ ಎಂಬ ಯುದ್ಧವಿಮಾನ ವಿಭಾಗದ ಯುದ್ಧ ನಡೆಸಿದ್ದು ಇಲ್ಲಿಂದ. ಲಂಡನ್ನಿನ ಮತ್ತು ಆಗ್ನೇಯ ಇಂಗ್ಲೆಂಡಿನ ಆಕಾಶ ಕಾಯುವ ಹೊಣೆ ಅವರದಾಗಿತ್ತು.

ಗಡಿಯಾರದ ಮುಖದಲ್ಲಿ ಐದೈದು ನಿಮಿಷಕ್ಕೊಂದು ಬಣ್ಣ. ಕೆಂಪು, ಹಳದಿ, ನೀಲಿ, ಮತ್ತೆ ಕೆಂಪು. ನಿಮಿಷದ ಮುಳ್ಳು ಯಾವ ಬಣ್ಣದ ಮೇಲಿದೆಯೋ ವಿಮಾನಗಳಿರುವ ಜಾಗ ತೋರಿಸಲು ಅದೇ ಬಣ್ಣದ ಬಾಣವನ್ನು ಮೇಜಿನ ನಕ್ಷೆಯ ಮೇಲೆ ಇಡುತ್ತಿದ್ದರು. ಮೇಲಿನಿಂದ ನೋಡುವವರಿಗೆ ಸುದ್ದಿ ಹೊಸದೋ ಹಳೆಯದೋ ತಕ್ಷಣ ಗೊತ್ತಾಗುತ್ತಿತ್ತು. ಎಷ್ಟು ಸರಳ ಉಪಾಯ, ಅಲ್ವಾ? ನನ್ನ ಬಾಣಗಳನ್ನೂ ಮೂರು ಬಣ್ಣದಲ್ಲಿ ಕತ್ತರಿಸಿಟ್ಟಿದ್ದೇನೆ.

ನಕ್ಷೆ ಅಂಟಿಸಿದ ಮೇಲೆ ಪಾರ್ಕ್ ಅವರ ಕಷ್ಟ ಕಣ್ಣಿಗೇ ಕಾಣುತ್ತದೆ. ಡೋವರ್ ಬಳಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಿನ ಅಗಲ ಸುಮಾರು 34 ಕಿ.ಮೀ. ಅಷ್ಟೆ. ಹರಿಕೇನ್ ವಿಮಾನ 20,000 ಅಡಿ ಏರಲು ಕಾಲು ಗಂಟೆಯ ಹತ್ತಿರ ಬೇಕು. ಅದಕ್ಕೇ ಅವರು ಒಂದೊಂದೋ ಎರಡೆರಡೋ ಸ್ಕ್ವಾಡ್ರನ್‌ಗಳನ್ನು (ವಿಮಾನ ತಂಡಗಳನ್ನು) ಬೇಗ ಕಳಿಸಿದರು. ಪಕ್ಕದ 12ನೇ ಗ್ರೂಪಿನ ಮುಖ್ಯಸ್ಥ ಲೀ-ಮ್ಯಾಲರಿ ಅವರಿಗೆ ದೊಡ್ಡ ದಂಡು ಕಟ್ಟಿಕೊಂಡು ಹೊಡೆಯಬೇಕೆಂಬ ಆಸೆ. ದಂಡು ಸೇರುವಷ್ಟರಲ್ಲಿ ಬಾಂಬು ಬಿದ್ದಿರುತ್ತದೆ. ನಾನು ಪಾರ್ಕ್ ಅವರ ಕಡೆ.

ಆದರೂ ಆ ಡಿಸೆಂಬರಿನಲ್ಲಿ ಅವರನ್ನು ತರಬೇತಿ ವಿಭಾಗಕ್ಕೆ ಕಳಿಸಿ, ಅವರ ಜಾಗ ಲೀ-ಮ್ಯಾಲರಿ ಅವರಿಗೇ ಕೊಟ್ಟರು. ಇದನ್ನು ಓದುವಾಗ ಈಗಲೂ ಸಂಕಟವಾಗುತ್ತದೆ. ಪಾರ್ಕ್ ನ್ಯೂಜಿಲೆಂಡಿನಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದಲ್ಲಿ ಗಲಿಪೊಲಿಯಲ್ಲಿ ಫಿರಂಗಿ ದಳದಲ್ಲಿದ್ದರು. ಸೋಮ್‌ನಲ್ಲಿ ಗಾಯಗೊಂಡು, ಕುದುರೆ ಏರಲು ಆಗದು ಎನಿಸಿಕೊಂಡ ಮೇಲೆ ವಿಮಾನ ಹತ್ತಿದವರು. 1942ರಲ್ಲಿ ಮಾಲ್ಟಾ ಕೈಗೆ ಬಂದಾಗ ಮತ್ತೆ ಅದೇ ದಾರಿ ಹಿಡಿದರು: ಬಾಂಬರ್‌ಗಳು ದ್ವೀಪ ತಲುಪುವ ಮೊದಲೇ ಕಡಲ ಮೇಲೆ ತಡೆಯುವುದು. ಅದು ಫಲ ಕೊಟ್ಟಿತು. 1945ರಲ್ಲಿ ಆಗ್ನೇಯ ಏಷ್ಯಾದ ಮಿತ್ರಪಡೆಗಳ ವಾಯುಸೇನೆ ಪೂರ್ತಿ ಅವರ ಕೈಯಲ್ಲಿತ್ತು.

ಇನ್ನು ಗೋಡೆಯ ದೀಪದ ಹಲಗೆ. ಟ್ಯಾಂಗ್‌ಮಿಯರ್, ಕೆನ್ಲಿ, ಬಿಗ್ಗಿನ್ ಹಿಲ್, ಹಾರ್ನ್‌ಚರ್ಚ್, ನಾರ್ತ್ ವೀಲ್ಡ್, ಡೆಬ್ಡೆನ್, ನಾರ್ತೋಲ್ಟ್: ಏಳು ಸೆಕ್ಟರ್‌ಗಳಿಗೆ (ಒಂದೊಂದು ವಾಯುನೆಲೆ ಕಾಯುವ ವಲಯಗಳಿಗೆ) ಏಳು ಪಟ್ಟಿ. ಪ್ರತಿ ಸ್ಕ್ವಾಡ್ರನ್ ಸಿದ್ಧವಿದೆಯೋ, ಹಾರಿದೆಯೋ, ಶತ್ರುವನ್ನು ಕಂಡಿದೆಯೋ ದೀಪ ಹೇಳುತ್ತದೆ. ಸೆಪ್ಟೆಂಬರ್ 15ರಂದು ಇಲ್ಲೇ ಕೂತು ನೋಡುತ್ತಿದ್ದ ಚರ್ಚಿಲ್, ಮೀಸಲು ಪಡೆ ಏನಿದೆ ಎಂದು ಕೇಳಿದರು. ಏನೂ ಇಲ್ಲ ಎಂದರು ಪಾರ್ಕ್. ಆ ಹೊತ್ತಿನ ಹಲಗೆಯನ್ನೇ ತೋರಿಸಬೇಕೆಂದಿದ್ದೇನೆ. ಚಿಕ್ಕ ಎಲ್‌ಇಡಿಗಳು ಬಂದಿವೆ, ಹಲಗೆಗೆ ತೂತು ಕೊರೆಯುವುದರಿಂದ ಶುರು.