ರೌಡಿಗಳದ್ದು ಪರೇಡ್, ಮೆರವಣಿಗೆ ಯಾಕಲ್ಲ?

ಪತ್ರಿಕೆಯ ಡೆಸ್ಕಿನಲ್ಲಿ ಕೂತವನಿಗೆ ಮದುವೆಮನೆಯಲ್ಲೂ ಈ ಪ್ರಶ್ನೆ ತಪ್ಪಿದ್ದಲ್ಲ: ‘ಮೆರವಣಿಗೆ ಅಂತ ಚೆಂದದ ಪದ ಇರುವಾಗ ಪರೇಡ್ ಅಂತ ಯಾಕೆ ಬರೀತೀರಿ ಸಾರ್?’

ಎರಡೂ ಒಂದೇ ಅಲ್ಲ ಸ್ವಾಮಿ, ಅದಕ್ಕೆ.

ಮೆರವಣಿಗೆಯ ಬೇರು ‘ಮೆರೆ’. ಹೊಳೆಯುವುದೂ ಅದೇ, ಬೀಗುವುದೂ ಅದೇ. ‘ಪ್ರಾಮಾಣಿಕತೆ ಮೆರೆದ ಆಟೊ ಚಾಲಕ’ನ ಸುದ್ದಿ ಬಂದ ಪುಟದಲ್ಲೇ ಕೆಳಗೆ ‘ಉದ್ಧಟತನ ಮೆರೆದ ಅಧಿಕಾರಿ’ಯೂ ಇರುತ್ತಾನೆ. ‘ಎಷ್ಟು ದಿನ ಮೆರೀತಾನೋ ಮೆರೀಲಿ’ ಎಂದು ಅಜ್ಜಿ ಹೇಳಿದರೆ ಅದು ಆಶೀರ್ವಾದವಲ್ಲ. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಮೆರೆಯುವವನದೇ ಅಲ್ಲಿ ದರ್ಬಾರು. ನೋಡುವವರು ರಸ್ತೆ ಬದಿಯಲ್ಲಿ ಕತ್ತು ಚಾಚಿಕೊಂಡು ನಿಲ್ಲಬೇಕು.

ಪರೇಡಿನಲ್ಲಿ ಇದು ಉಲ್ಟಾ. ನೋಡುವವನೇ ದೊಡ್ಡವನು.

ವಿಜಯದಶಮಿಯಂದು ಮೈಸೂರಿಗೆ ಹೋದರೆ ಎರಡೂ ಕಾಣಸಿಗುತ್ತವೆ. ಹಗಲು ಜಂಬೂಸವಾರಿ: ಸುಮಾರು 750 ಕೆ.ಜಿ. ತೂಕದ ಅಂಬಾರಿಯಲ್ಲಿ ಚಾಮುಂಡೇಶ್ವರಿ ಹೊರಟರೆ ಮುಖ್ಯಮಂತ್ರಿಯೂ ಹೂವು ಹಾಕಿ, ಕೈಮುಗಿದು ನಿಲ್ಲಬೇಕು. ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು: ಅಲ್ಲಿ ಸಾಲುಸಾಲಾಗಿ ನಡೆದವರ ವಂದನೆ ಸ್ವೀಕರಿಸುವ ರಾಜ್ಯಪಾಲರೇ ಮುಖ್ಯ. (ಪರೇಡ್‌ಗೆ ಅಚ್ಚಗನ್ನಡವೇ ಬೇಕೆನ್ನುವವರು ಕವಾಯತನ್ನು ನೆಚ್ಚಿಕೊಳ್ಳಬೇಡಿ. ಅದು ಅರಬ್ಬಿ ಮೂಲದ್ದು. ಅಲ್ಲಿ ಅದಕ್ಕೆ ನಿಯಮಗಳು ಎಂದರ್ಥ.)

ಇನ್ನು ರೌಡಿ ಪರೇಡ್. ಹಬ್ಬವೋ ಚುನಾವಣೆಯೋ ಹತ್ತಿರ ಬಂದರೆ ಪೊಲೀಸರು ರೌಡಿಶೀಟರ್‌ಗಳನ್ನು ಮೈದಾನಕ್ಕೆ ಕರೆಸಿ, ಸಾಲಾಗಿ ನಿಲ್ಲಿಸಿ, ಉದ್ದ ಕೂದಲು ಬಿಟ್ಟವನಿಗೆ ಮೊದಲು ಕಟಿಂಗ್ ಮಾಡಿಸು ಎಂದು ಗದರುತ್ತಾರೆ. ಒಬ್ಬನೂ ಹೆಜ್ಜೆ ಹಾಕುವುದಿಲ್ಲ, ಆದರೂ ಅದು ಪರೇಡೇ.

ಶಾಸಕರ ಪರೇಡ್ ಕೂಡ ಹೀಗೇ; ತಲೆ ಎಣಿಸುವವರು ರಾಜ್ಯಪಾಲರು. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ, ಬಹುಮತ ಸಾಬೀತಾಗಬೇಕಾದ್ದು ಸದನದಲ್ಲೇ ಎಂದಿತು. ಆದರೂ ಸರ್ಕಾರ ಅಲುಗಾಡಿದಾಗ ರಾಜಭವನದ ಪರೇಡಿನ ಮಾತು ಎದ್ದೇ ಏಳುತ್ತದೆ.

ನನ್ನ ಈ ಲೆಕ್ಕ ಕೈಕೊಡುವುದು ‘ಬೆತ್ತಲೆ ಮೆರವಣಿಗೆ’ಯಲ್ಲಿ. ಅಲ್ಲಿ ಮೆರೆಯುವುದು ನಡೆಸಿದವರ ಕ್ರೌರ್ಯ. ನನ್ನ ಕೈಲಾದರೆ ಆ ಸುದ್ದಿಯಿಂದ ಆ ಪದವನ್ನೇ ತೆಗೆದುಬಿಡುತ್ತೇನೆ.

ಅಂದಹಾಗೆ, ರೌಡಿಗೂ ಮೆರವಣಿಗೆ ಸಿಗುವುದುಂಟು. ಜಾಮೀನಿನ ಮೇಲೆ ಹೊರಬಂದ ದಿನ ಹುಡುಗರು ತೆರೆದ ಜೀಪಿನಲ್ಲಿ ನಿಲ್ಲಿಸಿ, ಕ್ರೇನಿನಿಂದ ಸೇಬಿನ ಹಾರ ಹಾಕಿ, ಪಟಾಕಿ ಹೊಡೆದರೆ ನಾವು ಮೆರವಣಿಗೆ ಎಂದೇ ಬರೆಯುತ್ತೇವೆ. ಮರುವಾರ ಅದೇ ಮನುಷ್ಯ ಇನ್‌ಸ್ಪೆಕ್ಟರ್ ಮುಂದೆ ಕೈಕಟ್ಟಿ ನಿಂತರೆ ಪರೇಡ್.