ಇವೆಲ್ಲಾ ಯಾವಾಗ ಮುಗಿಸ್ತೀರಿ?

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಹಿತ್ತಲಿಗೆ ಹೋಗಬೇಕೆಂದರೆ ನನ್ನ ನೇಯ್ಗೆ ಕೋಣೆ ದಾಟಬೇಕು. ಬಂದವರು ಊಟ ಮುಗಿಸಿ ಕೈ ತೊಳೆಯಲು ಹೋಗುವಾಗ ಅಲ್ಲಿ ಒಂದು ನಿಮಿಷ ನಿಲ್ಲುತ್ತಾರೆ. ಮಗ್ಗ ನೋಡುತ್ತಾರೆ, ಗೋಡೆಗೆ ಒರಗಿಸಿದ ಚೌಕಟ್ಟು ನೋಡುತ್ತಾರೆ, ಮೊಳೆಗೆ ನೇತುಹಾಕಿದ ದಾರ ನೋಡುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: ‘ಇವೆಲ್ಲಾ ಯಾವಾಗ ಮುಗಿಸ್ತೀರಿ?’

ಇಷ್ಟು ದಿನ ‘ಮುಗಸ್ತೀನ್ರೀ, ಟೈಮ್ ಸಿಗಬೇಕಲ್ಲ’ ಅಂತ ನಕ್ಕು ಜಾರಿಕೊಳ್ಳುತ್ತಿದ್ದೆ. ಅದು ಸುಳ್ಳು. ಟೈಮ್ ಇತ್ತು. ಈ ಸಲ ಖಂಡೇನವಮಿಗೆ ಮಗ್ಗದ ಪೂಜೆ ಮಾಡಬೇಕು ಅಂತ ಕೋಣೆ ಸ್ವಚ್ಛ ಮಾಡಲು ಕುಳಿತೆ. ಅವ್ವ ಬಾಗಿಲಲ್ಲಿ ನಿಂತು, ‘ಅರ್ಧಾ ಬಿಟ್ಟ ಬಟ್ಟಿಗೇ ಕುಂಕುಮ ಹಚ್ಚಾಕಿ ಏನು?’ ಅಂದಳು. ಆ ಮಾತು ಸ್ವಲ್ಪ ಚುಚ್ಚಿತು. ಎಲ್ಲವನ್ನೂ ಹೊರಗೆ ಎಳೆದು ಹಾಲ್‌ನಲ್ಲಿ ಹರವಿದೆ. ಎಣಿಸಿದರೆ ಹನ್ನೊಂದು.

ನಮ್ಮ ಅಜ್ಜ ಇಲಕಲ್‌ನಲ್ಲಿ ಕುಣಿ ಮಗ್ಗದ (ನೆಲದಲ್ಲಿ ಗುಂಡಿ ತೋಡಿ ಕೂರಿಸುವ ಮಗ್ಗ) ಮೇಲೆ ಸೀರೆ ನೇಯುತ್ತಿದ್ದ. ಅವನ ಮನೆಯಲ್ಲಿ ‘ಅರ್ಧ ಬಿಟ್ಟದ್ದು’ ಅನ್ನುವ ವಸ್ತುವೇ ಇರಲಿಲ್ಲ. ಸಾಹುಕಾರ ನೂಲು ತೂಗಿ ಕೊಡುತ್ತಿದ್ದ, ಸೀರೆ ಇಳಿಸಿ ಕೊಟ್ಟರೆ ಕೂಲಿ. ಒಮ್ಮೆ ನಾನು ‘ಬ್ಯಾಸರ ಆದ್ರ ಏನ್ ಮಾಡ್ತಿದ್ದಿ ಅಜ್ಜಾ?’ ಅಂತ ಕೇಳಿದ್ದೆ. ‘ಬಿಟ್ಟು ಎದ್ರ ರೊಟ್ಟಿ ಯಾರ್ ಕೊಡ್ತಾರ?’ ಅಂದಿದ್ದ. ಅವನಿಗೆ ಅದು ಹೊಟ್ಟೆಪಾಡು. ನಾನು ಇಷ್ಟಪಟ್ಟು ನೇಯುವವಳು, ಹಾಗಾಗಿ ನನಗೆ ಬಿಟ್ಟು ಏಳುವ ಸುಖ ಇದೆ. ಹನ್ನೊಂದು ಸಲ ಎದ್ದಿದ್ದೇನೆ, ಅಷ್ಟೇ.

ಹಾಲ್‌ನಲ್ಲಿ ಹರವಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಯಾವುದೂ ಎಲ್ಲೆಂದರಲ್ಲಿ ನಿಂತಿಲ್ಲ. ಟವೆಲ್ ನಿಂತದ್ದು ಕಂಡಿಕೆ, ಅಂದರೆ ಅಡ್ಡ ದಾರ ಹೊತ್ತು ಓಡುವ ಲಾಳಿಯೊಳಗಿನ ದಾರದ ಸುರುಳಿ, ಖಾಲಿಯಾದ ಸಾಲಿನಲ್ಲಿ. ಮತ್ತೆ ರಾಟಿ ತಿರುಗಿಸಿ ಕಂಡಿಕೆ ಸುತ್ತಬೇಕಿತ್ತು, ಸುತ್ತಲಿಲ್ಲ. ಚೌಕಳಿ ಶಾಲು ನಿಂತದ್ದು ಬಣ್ಣ ಬದಲಿಸುವ ಜಾಗದಲ್ಲಿ. ಇನ್ನೊಂದು, ಹಾಸಿನ (ಉದ್ದಕ್ಕೆ ಬಿಗಿದು ಕಟ್ಟುವ ದಾರ) ಎಳೆ ಕಡಿದ ಜಾಗದಲ್ಲಿ. ಕಡಿದ ಎಳೆಗೆ ಗಂಟು ಹಾಕಿ, ಸಾಲು ಬಡಿಯುವ ಬಾಚಣಿಗೆಯಂಥ ಹಣಿಗೆಯೊಳಗೆ ತೂರಿಸುವುದು ಐದು ನಿಮಿಷದ ಕೆಲಸ. ಆ ಐದು ನಿಮಿಷಕ್ಕೆ ನಾನು ಎರಡು ವರ್ಷ ತೆಗೆದುಕೊಂಡಿದ್ದೆ! ಲಾಳಿ ಓಡುವಾಗ ನನಗೆ ಬೇಸರ ಅನ್ನುವುದೇ ಗೊತ್ತಿಲ್ಲ. ಲಾಳಿ ನಿಂತಾಗ ಮಾಡಬೇಕಾದ ಕೆಲಸ ನನಗೆ ಆಗುವುದಿಲ್ಲ. ಇಲಕಲ್‌ನಲ್ಲಿ ಆ ಕೆಲಸ ಮಾಡುತ್ತಿದ್ದವಳು ನಮ್ಮ ಅಜ್ಜಿ. ಕಂಡಿಕೆ ಸುತ್ತಿದ್ದು, ನೂಲಿಗೆ ಗಂಜಿ ಕೊಟ್ಟಿದ್ದು, ಗಂಟು ಹಾಕಿದ್ದು ಎಲ್ಲಾ ಅವಳೇ. ಸೀರೆ ಮಾತ್ರ ಅಜ್ಜನ ಹೆಸರಲ್ಲಿ ಹೋಗುತ್ತಿತ್ತು. ಇರಲಿ, ಅದು ಬೇರೆ ಕಥೆ.

ಮೊದಲು ಟವೆಲ್ ಮುಗಿಸಿದೆ. ಆರು ಟವೆಲಿನ ಹಾಸು, ನಾಲ್ಕು ಆಗಿತ್ತು. ಒಂದೂವರೆ ದಿನದಲ್ಲಿ ಉಳಿದೆರಡೂ ಆದವು. ಅದರಲ್ಲೊಂದು ತಪ್ಪು ಉಳಿಯಿತು. ಹಾಸನ್ನು ಬಿಗಿಯಾಗಿಯೇ ಬಿಟ್ಟು ಎದ್ದಿದ್ದೆ. ತಿಂಗಳುಗಟ್ಟಲೆ ಎಳೆದುಕೊಂಡೇ ನಿಂತ ಹತ್ತಿ ನೂಲು ಸೆಡೆತ ಕಳೆದುಕೊಳ್ಳುತ್ತದೆ. ಜೊತೆಗೆ ಹಣಿಗೆಯ ಕಬ್ಬಿಣದ ಹಲ್ಲಿಗೆ ಮಳೆಗಾಲದಲ್ಲಿ ತುಕ್ಕು ಹಿಡಿದು, ಬಿಳಿ ನೂಲಿನ ಮೇಲೆ ಒಂದು ಕಂದು ಗೆರೆ ಬಿದ್ದಿತ್ತು. ಸಾಲದ್ದಕ್ಕೆ ಆಗ ನನ್ನ ಕೈ ಹಣಿಗೆಯನ್ನು ಎಷ್ಟು ಜೋರಾಗಿ ಬಡಿಯುತ್ತಿತ್ತೋ ಈಗ ಅಷ್ಟು ಬಡಿಯುವುದಿಲ್ಲ. ಐದನೇ ಟವೆಲನ್ನು ಬೆಳಕಿಗೆ ಹಿಡಿದರೆ ಎಲ್ಲಿ ಬಿಟ್ಟೆ, ಎಲ್ಲಿ ಮತ್ತೆ ಹಿಡಿದೆ ಅಂತ ಸ್ಪಷ್ಟ ಕಾಣುತ್ತದೆ. ನಾವೇ ಬಳಸುತ್ತಿದ್ದೇವೆ. ಒದ್ದೆ ಕೈಗೆ ಗೆರೆ ಕಾಣುವುದಿಲ್ಲ.

ಜಮಖಾನೆ ಕಥೆ ಹಾಗಲ್ಲ. ನವಲಗುಂದದ ಜಮಖಾನೆ ನೋಡಿ ಬಂದ ಹುಮ್ಮಸ್ಸಿನಲ್ಲಿ ಚೌಕಟ್ಟಿಗೆ ಹಾಸು ಕಟ್ಟಿದ್ದೆ. ಶುರುವಿನಲ್ಲಿ ಅಗಲ 18 ಇಂಚು. ಅಡ್ಡಕ್ಕೆ ನೇಯುವ ಹೊಕ್ಕಿನ ದಾರವನ್ನು ಪ್ರತಿ ಸಾಲಿಗೂ ಸ್ವಲ್ಪ ಜಾಸ್ತಿ ಎಳೆಯುತ್ತಾ ಹೋದರೆ ಅಂಚು ಒಳಗೆ ಸರಿಯುತ್ತದೆ. ದಾರವನ್ನು ಕಮಾನಿನ ಹಾಗೆ ಸಡಿಲ ಇಟ್ಟು ಬಡಿಯಬೇಕು, ಇದು ಎಲ್ಲರೂ ಹೇಳಿಕೊಡುವ ಮೊದಲ ಪಾಠ. ನಾನು ಟೇಪು ಹಿಡಿದಾಗ 15 ಇಂಚಿಗೆ ಬಂದಿತ್ತು. ದೂರದಿಂದ ನೋಡಿದರೆ ಮೊರದ ಹಾಗಿದೆ. ಇದನ್ನು ಮುಗಿಸಿದರೂ ಮೊರವೇ. ಕತ್ತರಿ ತಂದೆ.

ಬಿಗಿ ಹಾಸನ್ನು ಕತ್ತರಿಸುವಾಗ ಒಂದು ಸದ್ದು ಬರುತ್ತದೆ, ಟಪ್ ಟಪ್ ಅಂತ. ನಾಲ್ಕೈದು ಎಳೆ ಹೋಗುವಷ್ಟರಲ್ಲಿ ಪಕ್ಕದವು ತಾವೇ ಸುರುಳಿ ಸುತ್ತಿಕೊಳ್ಳುತ್ತವೆ. ಮೊದಲನೆಯದಕ್ಕೆ ಕೈ ನಡುಗಿತು. ಮೂರನೆಯದರ ಹೊತ್ತಿಗೆ, ಸುಳ್ಳೇಕೆ, ಮಜಾ ಬಂತು. ಒಟ್ಟು ಐದು ಕತ್ತರಿಸಿದೆ. ಅದರಲ್ಲಿ ಒಂದು ತಮ್ಮನ ಮಗಳ ತೊಟ್ಟಿಲಿಗೆ ಅಂತ ಶುರು ಮಾಡಿದ್ದು. ಅವಳು ಈಗ ಎರಡನೇ ಕ್ಲಾಸು. ಇನ್ನೊಂದು ಏನು ಅಂತಲೇ ನನಗೆ ನೆನಪಾಗಲಿಲ್ಲ. ಹಸಿರು ಹಾಸು, ನಾಲ್ಕು ಬೆರಳು ನೇಯ್ದಿದ್ದೇನೆ, ಹೊಕ್ಕಿಗೆ ಯಾವ ಬಣ್ಣ ಅಂದುಕೊಂಡಿದ್ದೆನೋ ದೇವರಿಗೇ ಗೊತ್ತು. ಒಂದು ಚೀಟಿ ಬರೆದು ಕಟ್ಟಿದ್ದರೆ ಅದು ಉಳಿಯುತ್ತಿತ್ತು. ಈಗ ಬಿಟ್ಟು ಏಳುವಾಗಲೆಲ್ಲಾ ಹಾಸು ಸಡಿಲಿಸಿ, ಎಷ್ಟು ಎಳೆ, ಯಾವ ನೂಲು, ಮುಂದೇನು ಅಂತ ಚೀಟಿ ಕಟ್ಟುತ್ತೇನೆ.

ಇನ್ನು ಮೂರನ್ನು ಇಲಿ ನನ್ನ ಪರವಾಗಿ ತೀರ್ಮಾನ ಮಾಡಿತ್ತು. ಗಂಜಿ ಕೊಟ್ಟ ನೂಲು ಅಂದರೆ ಅವಕ್ಕೆ ಊಟವೇ ಅಲ್ವಾ. ಕತ್ತರಿಸಿದ್ದು, ಇಲಿ ಬಿಟ್ಟದ್ದು, ನೇಯ್ದ ಭಾಗವನ್ನೆಲ್ಲಾ ಅವ್ವ ಎತ್ತಿಕೊಂಡು ಹೋದಳು. ಹಳೆ ಸೀರೆಗಳ ನಡುವೆ ಪದರ ಹಾಕಿ ಕೌದಿ ಹೊಲಿಯಲು ಶುರು ಮಾಡಿದ್ದಾಳೆ. ಮೊರದಂಥ ಜಮಖಾನೆಯನ್ನೂ ಬಿಟ್ಟಿಲ್ಲ, ‘ಬೆನ್ನಿಗೆ ಬೆಚ್ಚಗಾಕ್ಕತಿ’ ಅಂತಾಳೆ.

ಟವೆಲ್ ಒಂದು, ಕತ್ತರಿ ಐದು, ಇಲಿ ಮೂರು. ಉಳಿದದ್ದು ಎರಡು. ಚೌಕಳಿ ಶಾಲಿಗೆ ಚೀಟಿ ಕಟ್ಟಿ ಇಟ್ಟಿದ್ದೇನೆ. ಇನ್ನೊಂದು ಮೊಳೆಗೆ ನೇತುಹಾಕಿದ್ದು. ಎಲ್ಲರ ಪ್ರಶ್ನೆಯೂ ಹೆಚ್ಚಾಗಿ ಅದನ್ನು ನೋಡಿಯೇ ಬರುವುದು.

ಅದು ತೋಪು ತೆನಿ, ಅಂದರೆ ಇಲಕಲ್ ಸೀರೆಯ ಒಡಲಿಗೆ ಸೆರಗು ಜೋಡಿಸುವ ವಿಧಾನ, ಕಲಿಯಲು ಹೊರಟದ್ದು. ಇಲಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಕೆಂಪು ಎಳೆಯ ಕುಣಿಕೆ ಸಿಕ್ಕಿಸಿ ಎರಡನ್ನೂ ಒಂದು ಮಾಡುತ್ತಾರೆ. ಗಂಟಿಲ್ಲ, ಹೊಲಿಗೆಯಿಲ್ಲ. ಆಮೇಲೆ ಒಡಲು ನೀಲಿಯೋ ಕಪ್ಪೋ ಏನೇ ಇರಲಿ, ಸೆರಗು ಅಚ್ಚ ಕೆಂಪಾಗಿ ಬರುತ್ತದೆ. ಈ ಕಾರಣಕ್ಕೇ ತೆನಿ ಸೀರೆಗೆ ಒಂದೊಂದಕ್ಕೂ ಬೇರೆ ಹಾಸು ಕಟ್ಟಬೇಕು, ಉದ್ದಕ್ಕೆ ಆರು ಸೀರೆಯ ಹಾಸು ಎಳೆದು ಸುತ್ತಿಡಲು ಬರುವುದಿಲ್ಲ. ನನ್ನದು ಸೀರೆಯೂ ಅಲ್ಲ, 12 ಇಂಚು ಅಗಲದ ಸ್ಟೋಲ್. ಇಂಚಿಗೆ 20 ಎಳೆ, ಎರಡೆರಡು ಎಳೆಗೆ ಒಂದು ಕುಣಿಕೆ, ಒಟ್ಟು 120. ಎಪ್ಪತ್ತೊಂದಕ್ಕೆ ನಿಲ್ಲಿಸಿದ್ದೆ. ಕೆಂಪು ರೇಯಾನ್ ಬೆರಳಿನಿಂದ ಜಾರುತ್ತದೆ, ಒಂದು ಜಾರಿದರೆ ಪಕ್ಕದ ಎರಡನ್ನು ಎಳೆದುಕೊಂಡು ಹೋಗುತ್ತದೆ.

ಕತ್ತರಿ ಕೈಯಲ್ಲೇ ಇತ್ತು. ಇದಕ್ಕೆ ತಾಗಿಸಲಿಲ್ಲ. ಅಜ್ಜನ ಕುಣಿಯನ್ನು ಮುಚ್ಚಿ ಈಗ ಅದರ ಮೇಲೆ ಟೈಲ್ಸ್ ಹಾಕಿದ್ದಾರೆ. ಅಲ್ಲಿಂದ ನಾನು ತಂದದ್ದು ಅಜ್ಜಿಯ ರಾಟಿ ಒಂದೇ.

ಹಾಗಾಗಿ ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಎಂಟನ್ನು ಮುಗಿಸುವುದಿಲ್ಲ, ಶಾಲು ಗೊತ್ತಿಲ್ಲ, ತೆನಿ ಮಾತ್ರ ನಡೆದಿದೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ನಾಲ್ಕೇ ನಾಲ್ಕು ಕುಣಿಕೆ, ಜಾಸ್ತಿ ಇಲ್ಲ. ನಿನ್ನೆಗೆ ಎಂಟು ದಿನ, 103 ಆಯಿತು. ಇವತ್ತಿನ ಎರಡನೆಯದು ಜಾರಿ ಟೇಬಲ್ ಕೆಳಗೆ ಹೋಗಿದೆ, ಟಾರ್ಚ್ ಹುಡುಕುತ್ತಿದ್ದೇನೆ.